ಗಾಜಿನ ಚಕ್ಕುಬಂದಿ

ನೀವು ಎಂದಾದರೂ ರೋಣಕ್ಕೆ ಬಂದರೆ ಯಾರನ್ನು ಬೇಕಾದರೂ ದಾರಿ ಕೇಳಿ, ನಮ್ಮ ಸೋದರಮಾವನನ್ನು ಮಾತ್ರ ಕೇಳಬೇಡಿ. ಅವನನ್ನು ಕೇಳಿ ಬಸ್ಸು ಹಿಡಿದವರು ಈವರೆಗೆ ಒಬ್ಬರೂ ಇಲ್ಲ.

ಒಮ್ಮೆ ಸೂಡಿಯ ಗುಡಿ ನೋಡಲು ಹೊರಟ ಪರಸ್ಥಳದವರೊಬ್ಬರು, ಬಸ್‌ಸ್ಟ್ಯಾಂಡ್ ಎಲ್ಲಿದೆ ಎಂದು ಅವನನ್ನು ಕೇಳಿಬಿಟ್ಟರು. ನಿಂತಲ್ಲಿಂದ ಐವತ್ತು ಹೆಜ್ಜೆ. ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ನಮ್ಮ ಮಾವ ಬೆರಳು ತೋರಿಸುವ ಪೈಕಿಯವನಲ್ಲ. ಆ ಜಾಗ ಮೊದಲು ಯಾರ ಹೊಲವಾಗಿತ್ತು ಎಂಬಲ್ಲಿಂದ ಹಿಡಿದ. ಪೂರ್ವಕ್ಕೆ ಯಾರ ಅಂಗಡಿ, ಪಶ್ಚಿಮಕ್ಕೆ ಯಾವ ಗಟಾರ, ಆ ಗಟಾರ ಹಿಂದೆ ಎಷ್ಟು ಅಗಲವಿತ್ತು, ಈಗ ಎಷ್ಟಿದೆ, ಉಳಿದದ್ದು ಯಾರ ಮನೆಯ ಒಳಗೆ ಹೋಗಿದೆ! ಉತ್ತರ ದಿಕ್ಕಿಗೆ ಬರುವಷ್ಟರಲ್ಲಿ ಸೂಡಿಯ ಬಸ್ಸು ಅವರ ಎದುರಿಗೇ ಹಾದುಹೋಯಿತು. ಮಾವನಿಗೆ ಬೇಸರವೇನೂ ಆಗಲಿಲ್ಲ. ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು, ದಕ್ಷಿಣ ದಿಕ್ಕು ಪೂರ್ತಿ ಬಾಕಿ ಇತ್ತು.

ಅವನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆದರೆ, ತಂದೆಯ ಹೆಸರು ಎಲ್ಲಿ, ಓಣಿ ಯಾವುದು, ಮನೆಯ ಮುಖ ಯಾವ ದಿಕ್ಕಿಗೆ ಎಂಬುದನ್ನೆಲ್ಲ ಯಾಕೆ ಬಿಟ್ಟೆ ಎಂದು ನನಗೇ ಒಂದು ತಿದ್ದುಪಡಿ ಪತ್ರ ಕಳಿಸುತ್ತಾನೆ.

ತಪ್ಪು ಅವನದಲ್ಲ, ಉದ್ಯೋಗದ್ದು. ಮೂವತ್ತು ವರ್ಷ ಮಾವ ಆಸ್ತಿ ಪತ್ರ ಬರೆದವನು. ಖರೀದಿ ಪತ್ರ, ಪಾಲು ಹಂಚುವ ವಾಟ್ನಿ ಪತ್ರ, ದಾನ ಪತ್ರ, ಮೃತ್ಯುಪತ್ರ. ಪತ್ರ ಯಾವುದಾದರೂ ಆಗಲಿ, ಅದರ ಜೀವ ಇರುವುದು ಚಕ್ಕುಬಂದಿಯಲ್ಲಿ. ಅಂದರೆ ಆ ಹೊಲಕ್ಕೋ ಮನೆಗೋ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ವಿವರದಲ್ಲಿ. ಮಾವ ಬರೆದ ಚಕ್ಕುಬಂದಿಯ ಮೇಲೆ ಒಂದು ದಾವೆಯೂ ನಿಂತಿಲ್ಲ ಎಂದು ಇಡೀ ತಾಲೂಕು ಹೇಳುತ್ತದೆ. ಜಾಗ ನೋಡದವನಿಗೂ ಜಾಗ ಕಣ್ಣಿಗೆ ಕಟ್ಟಬೇಕು, ಅದು ಅವನ ವ್ರತ. ಆದರೆ ವ್ರತ ಕಚೇರಿಯಲ್ಲಿ ಬಿಟ್ಟು ಬರಬೇಕಲ್ಲ? ಅಸೂಟಿಯ ನೆಂಟರೊಬ್ಬರ ಎಮ್ಮೆ ಕಳೆದಾಗ ಊರೂರಿಗೆ ಹಂಚಲು ಚೀಟಿ ಬರೆದುಕೊಟ್ಟ: ಪೂರ್ವಕ್ಕೆ ಮುಖ, ಎಡ ಕೊಂಬು ಮೊಂಡು, ಪಶ್ಚಿಮಕ್ಕೆ ಬಾಲ, ತುದಿಯಲ್ಲಿ ಬಿಳಿ ಕೂದಲು. ಓದಿದ ನೆಂಟರು ತಲೆ ಕೆರೆದುಕೊಂಡರು.

"ಎಮ್ಮಿ ಹೊಳ್ಳಿ ನಿಂತಿದ್ರ ಏನ್ ಮಾಡೂದ್ರಿ?"

"ಸರಿಯಾಗಿ ನಿಲ್ಲಿಸಿ ನೋಡು," ಎಂದ ಮಾವ.

ನನ್ನನ್ನೂ ಬಿಟ್ಟಿಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು ಹುಡುಗಿಯ ವಿವರ ಬರೆದು ಕಳಿಸಿ ಎಂದರು. ಎಲ್ಲರೂ ಅರ್ಧ ಪುಟ ಬರೆಯುತ್ತಾರೆ, ಮಾವ ನಾಲ್ಕು ಪುಟ ಬರೆದ. ಎತ್ತರ, ಬಣ್ಣ, ವಿದ್ಯೆ ಎಲ್ಲ ಮುಗಿದ ಮೇಲೆ ಹೀಗಿತ್ತು: 'ಸದರಿ ಕನ್ಯೆಯು ಸಣ್ಣ ವಿಷಯಕ್ಕೂ ಚಿಂತಿಸುವ ಸ್ವಭಾವದವಳಿದ್ದು, ಮಲಗುವ ಮುಂಚೆ ಬಾಗಿಲಿನ ಅಗಳಿಯನ್ನು ಮೂರು ಸಲ ನೋಡಿ ಬರುತ್ತಾಳೆ. ಇದರ ಹೊರತು ಸದರಿಯವಳ ಮೇಲೆ ಯಾವುದೇ ತಂಟೆ ತಕರಾರು ಇರುವುದಿಲ್ಲ.' ನಮ್ಮ ಮನೆಯವರು ಆ ಕಾಗದವನ್ನು ಇಂದಿಗೂ ಜೋಪಾನ ಮಾಡಿದ್ದಾರೆ. ಜಗಳವಾದಾಗ ಹೊರಗೆ ತೆಗೆಯುತ್ತಾರೆ. ಪತ್ರದಲ್ಲಿ ಮೂರು ಸಲ ಎಂದಿದೆ, ನೀನು ಐದು ಸಲ ನೋಡುತ್ತೀ, ಇದು ಮೋಸದ ವ್ಯವಹಾರ ಎನ್ನುತ್ತಾರೆ.

ಈ ವಿವರದ ಹೊಳೆಗೆ ಇದ್ದದ್ದು ಒಂದೇ ಒಡ್ಡು, ಅವನ ಹೆಂಡತಿ, ನಮ್ಮ ಅತ್ತಿ. ಮಾವ ಒಂದು ದಿನದಲ್ಲಿ ಆಡುವಷ್ಟನ್ನು ಅತ್ತಿ ಒಂದು ಉಸಿರಿನಲ್ಲಿ ಆಡಿ ಮುಗಿಸುತ್ತಿದ್ದಳು. ಕಟ್ಟೆಯ ಮೇಲೆ ಮಾವ ಯಾರನ್ನಾದರೂ ಹಿಡಿದು ಕೂರಿಸಿಕೊಂಡು ಪಶ್ಚಿಮ ದಿಕ್ಕಿಗೆ ಬರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಅವಳ ದನಿ ಬರುತ್ತಿತ್ತು: "ಅವರನ್ನ ಬಿಡ್ರೀ. ಊರಿಗೆ ಹೋಗಾಕ ಬಂದಾರ, ಹೊಲಾ ಖರೀದಿ ಮಾಡಾಕ ಬಂದಿಲ್ಲ." ಮಾವ ತಕ್ಷಣ ಬಾಯಿ ಮುಚ್ಚುತ್ತಿದ್ದ. ಬಿಡುಗಡೆಯಾದವರು ಅಡುಗೆಮನೆಯ ದಿಕ್ಕಿಗೆ ಕೈಮುಗಿದು ಹೋಗುತ್ತಿದ್ದರು.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಬಲಗೈ ಹಿಟ್ಟಿನ ಮೇಲೆ ಹಾಗೆಯೇ ನಿಂತಿತು. ಲಕ್ವಾ. ಮೂರು ವಾರ ದವಾಖಾನೆ. ಮನೆಗೆ ಬಂದ ಮೇಲೆ ಗೋಡೆ ಹಿಡಿದು ನಡೆದಳು, ಎಡಗೈಯಲ್ಲಿ ಉಣ್ಣಲು ಕಲಿತಳು. ಮಾತು ಮಾತ್ರ ಬರಲಿಲ್ಲ. ಅವರಿಗೆ ಎಲ್ಲ ತಿಳಿಯುತ್ತದೆ, ಹೇಳಬೇಕಾದ್ದೂ ಒಳಗೆ ಸಿದ್ಧವಿರುತ್ತದೆ, ಬಾಯಿಗೆ ಬರುವ ಹಾದಿ ಕಟ್ಟಾಗಿದೆ ಎಂದು ಡಾಕ್ಟರು ಹೇಳಿದರು. ತಿರುಗಿ ಬರಬಹುದು, ಬರದೆಯೂ ಇರಬಹುದು. ಅಲ್ಲಿಯವರೆಗೆ ಚಿತ್ರ ತೋರಿಸಿ ಕೇಳಿ ಎಂದರು.

ಇಷ್ಟು ಸಿಕ್ಕರೆ ಸಾಕಲ್ಲ ನಮ್ಮ ಮಾವನಿಗೆ! ರಟ್ಟಿನ ಚೀಟಿ ಮಾಡಿದ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಚಿತ್ರ, ಉಳಿದ ಜಾಗದ ತುಂಬ ವಿವರ. ನೀರಿನ ಚೀಟಿಯಲ್ಲಿ ಕುಡಿಯುವ ನೀರು, ಕಾಯಿಸಿ ಆರಿಸಿದ ನೀರು, ಕೈಕಾಲಿಗೆ ನೀರು ಎಂಬ ಒಳಬಾಬುಗಳಿದ್ದವು. ಅತ್ತಿ ಎಡಗೈಯಲ್ಲಿ ಒಂದೊಂದನ್ನೇ ಎತ್ತಿ ನೋಡಿದಳು. ಆಮೇಲೆ ಇಡೀ ಕಟ್ಟನ್ನು ಕಿಟಕಿಯಿಂದ ಹೊರಗೆ ಎಸೆದಳು. ಮಾವ ಅಂಗಳಕ್ಕೆ ಹೋಗಿ ಆರಿಸಿಕೊಂಡು ಬಂದ. "ಆತು, ಆಕಿ ಅಭಿಪ್ರಾಯ ಅಂತೂ ತಿಳೀತು," ಎಂದ.

ಮುಂದಿನದು ನನ್ನ ಪಾಳಿ. ನಾನು ನರಗುಂದದಲ್ಲಿ ಶಾಲೆಯ ಟೀಚರು. ರವಿವಾರಕ್ಕೊಮ್ಮೆ ಬಸ್ಸು ಹತ್ತಿ, ಯಾವಗಲ್ ದಾಟುವವರೆಗೆ ಮನೆಯ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಚಿಂತೆ ಮಾಡಿ, ದಾಟಿದ ಮೇಲೆ ಅತ್ತಿಯ ಚಿಂತೆ ಮಾಡುತ್ತ ರೋಣಕ್ಕೆ ಬರುತ್ತೇನೆ. ಚಿತ್ರ ಮುಟ್ಟಿದರೆ ಮಾತಾಡುವ ಒಂದು ಆ್ಯಪನ್ನು ನನ್ನ ಹಳೆಯ ಫೋನಿಗೆ ಹಾಕಿಸಿ ತಂದೆ. ಅತ್ತಿ ನೀರಿನ ಚಿತ್ರ ಮುಟ್ಟಿದಳು. ಫೋನು, ಹೊಟ್ಟೆ ಕರಗಿಸುವ ಪುಡಿಯೊಂದರ ಜಾಹೀರಾತು ಹೇಳತೊಡಗಿತು. ಅತ್ತಿ ನನ್ನನ್ನು ನೋಡಿದಳು, ತನ್ನ ಹೊಟ್ಟೆಯನ್ನು ನೋಡಿಕೊಂಡಳು, ಫೋನನ್ನು ಬೋರಲು ಹಾಕಿದಳು. ಮಾವ ಸಿಟ್ಟಾಗಿದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ನೋಡಿದೆ.

"ಆಕಿ ಬಾಯಿ ಅದು. ಅದರಾಗ ಮಂದೀ ಮಾತು ಯಾಕ ಬರಬೇಕು?"

ಬೇರೆ ಯಾರ ಮಾತೂ ನುಸುಳದ, ಪೂರ್ತಿ ಅತ್ತಿಯದೇ ಆದ ಒಂದು ಯಂತ್ರ ಬೇಕು ಎಂದು ಅವನು ಹಟ ಹಿಡಿದದ್ದು ಆಗ.

ಮಾವನಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳುತ್ತೀರೇನೋ. ಕಚೇರಿಗೆ ಕಂಪ್ಯೂಟರು ಬಂದು, ಚಕ್ಕುಬಂದಿಗೆ ದಿಕ್ಕಿಗೊಂದರಂತೆ ನಾಲ್ಕು ಪುಟ್ಟ ಖಾನೆ ಕೊಟ್ಟಾಗ ಅವನಿಗೆ ಎದೆಯೊಡೆದಿತ್ತು. ಖಾನೆ ತುಂಬಿದ ಕೂಡಲೇ ಅಕ್ಷರ ಮೂಡುವುದು ನಿಲ್ಲುತ್ತದೆ ಅಂದರೇನು? ಆ ಅವಮಾನದಲ್ಲಿ ಒಂದು ಹಳೆಯ ಕಂಪ್ಯೂಟರು ತಂದು, ಬಿಚ್ಚಿ, ಜೋಡಿಸಿ, ಪಕ್ಕದಲ್ಲಿ ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಕಲಿಯಲು ಕೂತವನು, ಪತ್ರ ಬರೆಯುವುದು ನಿಂತ ಮೇಲೂ ಏಳಲಿಲ್ಲ.

ಗಜೇಂದ್ರಗಡದಲ್ಲಿ ಮೊಬೈಲು ರಿಪೇರಿಯ ಅಂಗಡಿಯವರು ಗುಜರಿಗೆಂದು ಇಟ್ಟಿದ್ದ ಒಂದು ಟ್ಯಾಬ್ಲೆಟ್ಟನ್ನು ತಂದ. ಮಾಡಿದ ಕಂಪನಿ ಬಾಗಿಲು ಹಾಕಿ ವರ್ಷಗಳಾಗಿದ್ದವು. ಊಟದ ತಾಟಿನಷ್ಟು ದೊಡ್ಡ ಗಾಜು. ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಜಗತ್ತಿನ ಮಂದಿ ಕೂಡಿ ಬರೆದು ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿರುವ, ಯಂತ್ರ ನಡೆಸುವ ಒಂದು ವ್ಯವಸ್ಥೆಯನ್ನು ಹಾಕಿದ. ಟ್ಯಾಬ್ಲೆಟ್ಟು ಹೊತ್ತಿಕೊಂಡಿತು. ಬಣ್ಣ ಬಂತು, ಗಡಿಯಾರ ಬಂತು. ಆದರೆ ಗಾಜನ್ನು ಎಷ್ಟು ಮುಟ್ಟಿದರೂ, ಒತ್ತಿದರೂ, ನಾನು ಹೆದರುತ್ತ ಒಂದು ಸಲ ಗುದ್ದಿದರೂ ಏನೂ ಆಗಲಿಲ್ಲ.

ನಾನು ಕೆಟ್ಟಿದೆ ಎಂದೆ. ಮಾವ ಇಲ್ಲ ಎಂದ. ಅವನು ಅರ್ಧ ದಿನ ಹೇಳಿದ್ದನ್ನು ನಾನು ನಾಲ್ಕು ಸಾಲಿನಲ್ಲಿ ಹೇಳುತ್ತೇನೆ, ಕ್ಷಮಿಸಬೇಕು. ಯಂತ್ರದ ಒಳಗೆ ಒಬ್ಬ ಯಜಮಾನನಿರುತ್ತಾನೆ, ಅವನಿಗೆ ಕರ್ನೆಲ್ ಎನ್ನುತ್ತಾರೆ. ಕೆಲಸದಲ್ಲಿ ಬಲು ಜಾಣ, ಆದರೆ ಕಣ್ಣಿಲ್ಲ. ತನ್ನ ಮುಖದ ಮೇಲೆ ಇಷ್ಟು ದೊಡ್ಡ ಗಾಜು ಇದೆ ಎಂಬುದೇ ಅವನಿಗೆ ಗೊತ್ತಿಲ್ಲ. ಯಾರಾದರೂ ಬರೆದು ತಿಳಿಸಬೇಕು. ಈ ಗಾಜು ಯಾವ ಓಣಿಯಲ್ಲಿದೆ, ಮನೆ ನಂಬರು ಎಷ್ಟು, ಕರೆಂಟು ಯಾವ ತಂತಿಯಿಂದ, ಎಬ್ಬಿಸುವುದು ಯಾವ ತಂತಿಯಿಂದ, ಬೆರಳು ತಾಗಿದಾಗ ಸುದ್ದಿ ಬರುವುದು ಯಾವ ತಂತಿಯಿಂದ, ಅಡ್ಡ ಎಷ್ಟು, ಉದ್ದ ಎಷ್ಟು. ಒಂದು ಚಿಹ್ನೆ ತಪ್ಪಿದರೂ ಇಡೀ ಪತ್ರವನ್ನೇ ತಿರಸ್ಕರಿಸುತ್ತಾನೆ. ಕಂಪನಿ ಮುಚ್ಚಿದ್ದರಿಂದ ಬರೆದು ತಿಳಿಸುವವರು ಯಾರೂ ಉಳಿದಿರಲಿಲ್ಲ.

ಹೇಳುತ್ತ ಹೇಳುತ್ತ ಮಾವನ ಮುಖ ಬೆಳಗುತ್ತಿತ್ತು.

"ತಂಗಿ, ಇಷ್ಟು ವರ್ಷದಾಗ ಪೂರಾ ವಿವರ ಬೇಕು ಅನ್ನಾಂವ ಒಬ್ಬ ಸಿಕ್ಕ ನೋಡು."

ಮರುವಾರ ಹೋದಾಗ ಟ್ಯಾಬ್ಲೆಟ್ಟಿನ ಬೆನ್ನು ಬಿಚ್ಚಿ, ಮೋಡಿ ಲಿಪಿಯ ಹಳೆಯ ದಾಖಲೆ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಕೂತಿದ್ದ. ಇಂಥ ಬ್ಯಾಟರಿಗಳು ಸಿಡಿಯುತ್ತವೆ ಎಂದು ನಾನು ಎಲ್ಲೋ ಓದಿದ್ದೆ. ಒಂದು ಬಕೆಟ್ಟು ಮರಳು ತರಿಸಿ ಅವನ ಪಕ್ಕದಲ್ಲಿ ಇಟ್ಟೆ. ಬ್ಯಾಟರಿ ಸಿಡಿಯಲಿಲ್ಲ. ಅದರ ಮುಂದಿನ ವಾರ ನೋಡಿದರೆ ಅತ್ತಿ ಆ ಮರಳಿನಲ್ಲಿ ಕೊತ್ತಂಬರಿ ಬೀಜ ಚೆಲ್ಲಿದ್ದಳು, ಮೊಳಕೆ ಬಂದಿತ್ತು.

ಗಾಜಿನ ಹಿಂದಿನ ಚಿಪ್ಪಿನ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರವಿತ್ತು. ಅದನ್ನು ಓದಿದ. ಓಣಿ ಯಾವುದೆಂದು ಪತ್ತೆ ಮಾಡಿದ. ಆಮೇಲೆ ಮನೆ ನಂಬರು. ಓಣಿಯ ಎಲ್ಲ ಬಾಗಿಲನ್ನೂ ಬಡಿದು 'ಒಳಗೆ ಯಾರಿದ್ದೀರಿ' ಎಂದು ಕೇಳುವ ಒಂದು ಅಪ್ಪಣೆ ಇದೆಯಂತೆ. ಇದ್ದವರ ನಂಬರು ಪರದೆಯ ಮೇಲೆ ಮೂಡುತ್ತದೆ, ಇಲ್ಲದ ಮನೆಗೆ ಬರೀ ಒಂದು ಗೆರೆ. ನೂರಕ್ಕೂ ಮಿಕ್ಕಿದ ಮನೆಗಳು. ಮಾವ ಬಡಿದ. ಸಾಲು ಸಾಲು ಗೆರೆ! ಒಬ್ಬರೂ ಓ ಎನ್ನಲಿಲ್ಲ.

ಎರಡು ವಾರ ಹೀಗೇ. ದಿನಾ ಸಂಜೆ ನನಗೆ ಫೋನು ಮಾಡಿ ಅವತ್ತು ಯಾವ ತಂತಿ ಹಿಡಿದೆ, ಅದರ ಬಣ್ಣ ಏನು ಎಂದು ವರದಿ ಒಪ್ಪಿಸುವನು. ನನಗೋ ಬೇರೆಯೇ ಚಿಂತೆ. ಈ ಗಾಜು ಎದ್ದೇಳದೆ ಹೋದರೆ? ಅತ್ತಿ ಹೀಗೆ ಬಾಯಿಲ್ಲದೆ ಉಳಿದರೆ? ಈಗ ಕಟ್ಟೆಯ ಮೇಲೆ ಮಾವನ ಮಾತಿಗೆ ಸಿಕ್ಕಿಬಿದ್ದವರನ್ನು ಬಿಡಿಸುವವರೇ ಇರಲಿಲ್ಲ. ಆದರೆ ಮಾವನೇ ಪಶ್ಚಿಮ ದಿಕ್ಕಿಗೆ ಬರುವ ಹೊತ್ತಿಗೆ ತಾನಾಗಿ ತಡೆದು, ಅಡುಗೆಮನೆಯ ಕಡೆ ಕಿವಿಗೊಟ್ಟು, ಏನೂ ಕೇಳದೆ, ಉಳಿದ ಎರಡು ದಿಕ್ಕನ್ನು ಅಲ್ಲಿಯೇ ಕೈಬಿಡುತ್ತಿದ್ದ. ದಾರಿ ಕೇಳಿದವರು ಬಸ್ಸು ಹಿಡಿಯುವ ಅಪಾಯ ಬಂದಿತ್ತು.

ಕೊನೆಗೆ ತಪ್ಪು ಸಿಕ್ಕಿತು. ಬಾಗಿಲು ಬಡಿದರೆ ಸಾಲದು, ಒಳಗಿದ್ದವರು ನಿದ್ದೆಯಲ್ಲಿದ್ದರು. ಎಬ್ಬಿಸುವ ತಂತಿಯನ್ನು ಮೊದಲು ಜಗ್ಗಬೇಕು. ಜಗ್ಗಿದ ಕೂಡಲೇ ಮಾತಾಡಿಸಬಾರದು, ಕಣ್ಣುಜ್ಜಿಕೊಳ್ಳಲು ಒಂದು ಚೂರು ಹೊತ್ತು ಕೊಡಬೇಕು. ಆಮೇಲೆ ಬಡಿದಾಗ ಗೆರೆಗಳ ನಡುವೆ ಒಂದೇ ಒಂದು ಅಂಕಿ ಮೂಡಿತು, ಮೂವತ್ತೆಂಟು. ನಾನು ಆಗ ತರಗತಿಯಲ್ಲಿದ್ದೆ. ಮಾವನ ಫೋನು ಐದು ಸಲ ಬಂದದ್ದು ನೋಡಿ ಅತ್ತಿಗೆ ಏನೋ ಆಗಿದೆ ಎಂದು ಹೊರಗೆ ಓಡಿದೆ. "ಮೂವತ್ತೆಂಟನೇ ಮನಿಯಾಗ ಅದಾರ," ಎಂದ ಮಾವ. ಯಾರು, ಅತ್ತಿಯೇ ಎಂದು ಕೇಳಿದೆ ನಾನು.

ಆ ವಾರ ಮಾವ ಗಾಜಿನ ಚಕ್ಕುಬಂದಿ ಬರೆದ. ಅವನ ಜೀವಮಾನದ ಶ್ರೇಷ್ಠ ಪತ್ರ ಎಂದು ಅವನೇ ಹೇಳಿದ. ಜೊತೆಗೆ ಪರದೆಯ ಮೇಲೆ ಎಂಟು ಸಾಲು, ಸಾಲಿಗೆ ಎಂಟರಂತೆ ಅರವತ್ತನಾಲ್ಕು ಚೌಕ ಮಾಡಿದ. ಒಂದೊಂದರಲ್ಲೂ ದೊಡ್ಡ ಚಿತ್ರ (ಕಿಟಕಿಯ ಪಾಠವನ್ನು ಅವನು ಮರೆತಿರಲಿಲ್ಲ), ಮುಟ್ಟಿದರೆ ಮಾತು. ಹೆಣ್ಣು ದನಿ ಬೇಕೆಂದು ಫೋನಿನಲ್ಲಿ ನನ್ನಿಂದ ಹೇಳಿಸಿ ತುಂಬಿಸಿಕೊಂಡ. ನೀರು ಬೇಕು. ಚಹಾ ಬೇಕು. ಊಟ ಬೇಕು. ಗುಳಿಗಿ ಬ್ಯಾಡ. ಫ್ಯಾನ್ ಹಚ್ಚರಿ. ಬೆನ್ನ ತುರಸರಿ. ಕೊನೆಯ ಮೂಲೆಯ ಚೌಕಕ್ಕೆ 'ಸಾಕ್ ಮಾಡ್ರಿ' ಎಂದು ಹೇಳು ಎಂದ. ಅದು ಯಾರಿಗಾಗಿ ಎಂದು ಕೇಳಬೇಕಾಗಿರಲಿಲ್ಲ.

ರವಿವಾರ ಬೆಳಿಗ್ಗೆ ಪರೀಕ್ಷೆ. ಅತ್ತಿಯನ್ನು ಪಡಸಾಲೆಯಲ್ಲಿ ಕೂರಿಸಿ ತೊಡೆಯ ಮೇಲೆ ಟ್ಯಾಬ್ಲೆಟ್ಟು ಇಟ್ಟೆವು. ಎಡಗೈಯ ತೋರುಬೆರಳು ಮೇಲಿನ ಎಡ ಮೂಲೆಗೆ ಹೋಯಿತು. "ನೀರು ಬೇಕು," ಎಂದಿತು ನನ್ನ ದನಿ. ಮಾವ ನೀರಿಗೆ ಓಡಿದ. ಅತ್ತಿ ಕೆಳಗಿನ ಬಲ ಮೂಲೆ ಮುಟ್ಟಿದಳು. "ಸಾಕ್ ಮಾಡ್ರಿ." ಮಾವ ತಂಬಿಗೆ ಹಿಡಿದುಕೊಂಡೇ ನಿಂತು ನಕ್ಕ. ಗೆದ್ದೆವು! ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅತ್ತಿ ಮೇಲಿನ ಬಲ ಮೂಲೆಯ ಚಹಾದ ಕಪ್ಪು ಮುಟ್ಟಿದಳು.

"ಬೆನ್ನ ತುರಸರಿ," ಎಂದಿತು ನನ್ನ ದನಿ.

ಮಾವ ಹೋಗಿ ತುರಿಸಿದ. ಅತ್ತಿ ಅವನ ಕೈ ಸರಿಸಿ ಮತ್ತೆ ಚಹಾ ಒತ್ತಿದಳು. ಮತ್ತೆ ಬೆನ್ನು. ಮಾವ ಇನ್ನೂ ಜೋರಾಗಿ ತುರಿಸಿದ. ಅತ್ತಿ ಫ್ಯಾನು ಒತ್ತಿದರೆ ಗುಳಿಗೆ ಬೇಡ ಎಂದಿತು, ಗುಳಿಗೆ ಒತ್ತಿದರೆ ಫ್ಯಾನು ಹಚ್ಚಿರಿ ಎಂದಿತು. ಮೂಲೆಯಿಂದ ಮೂಲೆಗೆ ಓರೆಯಾಗಿ ಕೂತ ಎಂಟು ಚೌಕಗಳು ಮಾತ್ರ ಸರಿ, ಉಳಿದವೆಲ್ಲ ಒಂದರ ಮಾತು ಇನ್ನೊಂದರ ಬಾಯಲ್ಲಿ. ನನಗೆ ಅಳು ಬಂತು. ನೋಡಿದರೆ ಅತ್ತಿಯ ಭುಜ ಕುಲುಕುತ್ತಿತ್ತು. ಶ್ರಾವಣದಿಂದೀಚೆಗೆ ಮೊದಲ ಸಲ, ಅರ್ಧ ಬಾಯಲ್ಲೇ, ನಗುತ್ತಿದ್ದಳು.

ಅವತ್ತು ಸಂಜೆಯಾಗುವಷ್ಟರಲ್ಲಿ ಅವಳಿಗೆ ಆ ತಿರುವುಮುರುವೆಲ್ಲ ಬಾಯಿಪಾಠವಾಯಿತು. ಚಹಾ ಬೇಕಾದರೆ ಬೆನ್ನು ಒತ್ತಿ ಸರಿಯಾಗಿ ಚಹಾ ತರಿಸಿಕೊಳ್ಳತೊಡಗಿದಳು. ಹೇಗೂ ನಡೆಯುತ್ತಿದೆಯಲ್ಲ, ಬಿಡು ಮಾವಾ ಎಂದೆ ನಾನು. ಅವನು ನನ್ನನ್ನು ನೋಡಿದ ನೋಟ, ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲಾಗಿದ್ದರೂ ಹೊಲ ಉಳುತ್ತಿದ್ದಾರಲ್ಲ ಎಂದವರನ್ನು ನೋಡುವ ನೋಟ. ತನ್ನ ಪತ್ರವನ್ನು ಇಪ್ಪತ್ತು ಸಲ ಓದಿದ. ತಪ್ಪು ಕಾಣಲಿಲ್ಲ. ಕರ್ನೆಲ್ಲಿಗೇ ಬುದ್ಧಿ ಕಡಿಮೆ ಎಂಬಲ್ಲಿಗೆ ಬಂದ.

ಮುಂದಿನ ರವಿವಾರ ಬೆಳಿಗ್ಗೆ, ನಾನು ಇದ್ದಾಗಲೇ, ಅವನು ಇಪ್ಪತ್ತೊಂದನೆಯ ಸಲ ಗಟ್ಟಿಯಾಗಿ ಓದತೊಡಗಿದ. ಅತ್ತಿ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಮೂವತ್ತು ವರ್ಷ ಅವನ ಬಾಯಲ್ಲಿ ಚಕ್ಕುಬಂದಿ ಕೇಳಿದ ಕಿವಿ ಅದು. ಅರ್ಧಕ್ಕೆ ಬರುತ್ತಿದ್ದಂತೆ ಎಡಗೈ ಚಾಚಿ ಅವನನ್ನು ತಡೆದಳು. ಟ್ಯಾಬ್ಲೆಟ್ಟಿನ ಮೇಲಿನ ಅಂಚನ್ನು ಬೆರಳಿನಿಂದ ತಟ್ಟಿದಳು. ಆಮೇಲೆ ಬಾಗಿಲ ಕಡೆ ಬೆರಳು ಮಾಡಿದಳು. ಅವರ ಬಾಗಿಲು ಪೂರ್ವಕ್ಕಿದೆ, ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ಮತ್ತೆ ಅಂಚು ತಟ್ಟಿ, ಮತ್ತೆ ಬಿಸಿಲು ತೋರಿಸಿ, ಅಲ್ಲ ಎಂದು ಕೈಯಾಡಿಸಿದಳು. ಪರದೆಯ ಒಂದು ಚೌಕದಲ್ಲಿ ಅತ್ತಿಯದೇ ಮುಖದ ಚಿತ್ರವಿತ್ತು. ಅದರ ತಲೆಯ ಮೇಲೆ ಬೆರಳಿಟ್ಟು, ಮಾವನ ತಲೆಯ ಮೇಲೆ ಸಣ್ಣಗೆ ಮೊಟಕಿದಳು.

ಮಾವ ಪತ್ರವನ್ನು ನೋಡಿದ, ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದ.

"ಪೂರ್ವ ಮ್ಯಾಲ ಇಟ್ಟು ಬರದೇನಿ," ಎಂದ ಕೊನೆಗೆ.

ಆಗಿದ್ದು ಇಷ್ಟೇ. ಚಕ್ಕುಬಂದಿ ಬರೆಯುವವನು ಜಾಗದ ನಡುವೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾನೆ, ಮೊದಲ ದಿಕ್ಕು ಪೂರ್ವ. ಮಾವ ಗಾಜಿನ ನಡುವೆಯೂ ಹಾಗೆಯೇ ನಿಂತುಬಿಟ್ಟಿದ್ದ! ನಕ್ಷೆಯಲ್ಲಿ ಉತ್ತರ ಇರಬೇಕಾದ ಮೇಲಂಚಿಗೆ ಪೂರ್ವ ಬಂದದ್ದರಿಂದ ಅಡ್ಡವನ್ನು ಉದ್ದವೆಂದು, ಉದ್ದವನ್ನು ಅಡ್ಡವೆಂದು ತಿಳಿಸಿದ್ದ. ಕಣ್ಣಿಲ್ಲದ ಯಜಮಾನ ಬರೆದದ್ದನ್ನು ಅಕ್ಷರಶಃ ನಂಬಿದ್ದ. ಜಗತ್ತಿನಲ್ಲಿ ಈ ತಪ್ಪನ್ನು ಮಾಡಬಲ್ಲವನು ನಮ್ಮ ಮಾವ ಒಬ್ಬನೇ, ಹಿಡಿಯಬಲ್ಲವಳು ನಮ್ಮ ಅತ್ತಿ ಒಬ್ಬಳೇ. ಒಂದು ಸಾಲು ಅಳಿಸಿದ. ಯಂತ್ರ ಮತ್ತೆ ಎದ್ದಿತು. ಅತ್ತಿ ಚಹಾ ಒತ್ತಿದಳು, ಚಹಾ ಎಂದಿತು. ಅರವತ್ತನಾಲ್ಕು ಚೌಕಗಳನ್ನೂ ಒತ್ತಿಸಿ ನೋಡಿದೆವು, ಅರವತ್ತನಾಲ್ಕೂ ತಂತಮ್ಮ ಮಾತನ್ನೇ ಆಡಿದವು.

ಇಲ್ಲಿಗೆ ನಿಲ್ಲುವವನಾದರೆ ಅವನು ನಮ್ಮ ಮಾವನೇ? ಇಂಥ ವಿವರಗಳನ್ನೆಲ್ಲ ಕೂಡಿಡುವ ದಫ್ತರವೊಂದು ಇಂಟರ್ನೆಟ್ಟಿನಲ್ಲಿದೆಯಂತೆ. ಅಲ್ಲಿ ಸೇರಿದರೆ, ಇದೇ ಗಾಜು ಜಗತ್ತಿನ ಯಾವ ಮನೆಯಲ್ಲಿ ಧೂಳು ತಿನ್ನುತ್ತಿದ್ದರೂ ಎದ್ದೇಳುತ್ತದೆ. ಮಾವ ಪತ್ರ ಕಳಿಸಿದ. ಯಾವುದೋ ದೂರದ ದೇಶದ ಒಬ್ಬ ಮಹಾಶಯರು ಅದನ್ನು ಮೂರು ಸಲ ಹಿಂದೆ ಕಳಿಸಿದರು. ಸಾಲುಗಳ ಅನುಕ್ರಮ ತಪ್ಪಿದೆ. ಇಲ್ಲಿ ಜಾಗ ಹೆಚ್ಚು ಬಿಟ್ಟಿದ್ದೀರಿ. ಗಾಜಿನ ಹಿಂದಿನ ಅಂಟಿನ ಬಣ್ಣ ಯಂತ್ರಕ್ಕೆ ಬೇಕಾಗಿಲ್ಲ, ಗುಜರಿ ಅಂಗಡಿಯ ಇತಿಹಾಸವೂ ಬೇಕಾಗಿಲ್ಲ. ನನಗೆ ಅವಮಾನವೆನಿಸಿತು. ಮಾವನಿಗೆ ಖುಷಿಯೋ ಖುಷಿ. ಹಳೆಯ ಸಬ್‌ರಿಜಿಸ್ಟ್ರಾರರ ಕಾಲ ತಿರುಗಿ ಬಂದಿತ್ತು. ಅದರಲ್ಲೂ ಪತ್ರದ ಕೆಳಗೆ ಬರೆದವರು ತಮ್ಮ ಹೆಸರು ಹಾಕಿ ಹೊಣೆ ಒಪ್ಪಬೇಕು ಎಂಬ ನಿಯಮ ಓದಿ ಅವನು ಕರಗಿಹೋದ. ನಮ್ಮ ಪತ್ರಗಳಲ್ಲಿ ಬರೆದವನು ಕೊನೆಗೆ ಬಿಕ್ಕಲಂ ಎಂದು ಸಹಿ ಹಾಕುವುದಿಲ್ಲವೇ, ಹಾಗೆ. ಸಾಕ್ಷಿಗೂ ಒಂದು ಸಾಲಿತ್ತು, ಯಂತ್ರದ ಮೇಲೆ ಇದನ್ನು ಪರೀಕ್ಷಿಸಿ ನೋಡಿದವರು ಯಾರು ಎಂದು. ನನ್ನ ಹೆಸರು ಹಾಕುತ್ತಾನೆಂದು ನಾನು ಸೆರಗು ಸರಿಮಾಡಿಕೊಂಡೆ.

"ನೀ ಬರೇ ಚಿಂತಿ ಮಾಡೀದಿ. ಮುಟ್ಟಿ ನೋಡಿದಾಕಿ ಆಕಿ."

ಅತ್ತಿಯನ್ನು ಕೇಳಿದ. ಅತ್ತಿ ಸ್ವಲ್ಪ ಬಿಗುಮಾನ ಮಾಡಿ, 'ಹೂಂ' ಎಂಬ ಚೌಕ ಒತ್ತಿದಳು. ಅವಳ ಪೂರ್ಣ ಹೆಸರು, ತಂದೆಯ ಮನೆಯ ಅಡ್ಡಹೆಸರಿನ ಸಮೇತ, ಸಾಕ್ಷಿಯ ಸಾಲಿಗೆ ಹೋಯಿತು. ಸಾಕ್ಷಿ ಹಾಕಿದವರನ್ನು ಆ ದೇಶದ ಕೋರ್ಟಿಗೆ ಕರೆಯುತ್ತಾರೆಯೇ ಎಂದು ನಾನು ಎರಡು ದಿನ ಚಿಂತೆ ಮಾಡಿದೆ.

ಒಂದು ರವಿವಾರ ಬೆಳಗಾಗುತ್ತಲೇ ಉತ್ತರ ಬಂತು. ಎರಡೇ ಶಬ್ದ: ಸೇರಿಸಿಕೊಂಡಿದ್ದೇನೆ, ಧನ್ಯವಾದ. ಮೂವತ್ತು ವರ್ಷದ ವೃತ್ತಿಯಲ್ಲಿ ಚಕ್ಕುಬಂದಿಗೆ ಯಾರೂ ಧನ್ಯವಾದ ಹೇಳಿರಲಿಲ್ಲ. ಮಾವ ಸ್ಕೂಟರು ತೆಗೆದ. ಚಹಾ ಕೂಡ ಕುಡಿಯದೆ ಗಜೇಂದ್ರಗಡಕ್ಕೆ ಹೋಗಿ ರಿಪೇರಿ ಅಂಗಡಿಯವರಿಗೆ ಹೇಳಿದ. ಸೂಡಿಗೆ ಹೋಗಿ ಗೆಳೆಯರಿಗೆ ಹೇಳಿದ. ಬರುವ ದಾರಿಯಲ್ಲಿ ಯಾರು ಕೈಮಾಡಿದರೂ ನಿಲ್ಲಿಸಿ ಹೇಳಿದ. ನಾನು ಎಂದಿನಂತೆ ನರಗುಂದದಿಂದ ಬಂದು, ಅಡುಗೆ ಮಾಡಿ, ಒಂದು ಗಂಟೆಗೆ ಅತ್ತಿಗೆ ಬಡಿಸಿ ನಾನೂ ಉಂಡೆ. ಮಾವ ಬಂದದ್ದು ಮೂರಕ್ಕೆ. ಮೈತುಂಬ ಧೂಳು. ಚಪ್ಪಲಿ ಬಿಡುವ ಮುಂಚೆಯೇ ಸೂಡಿಯಲ್ಲಿ ಯಾರು ಯಾವ ದಿಕ್ಕಿಗೆ ಕೂತು ಕೇಳಿದರು ಎಂಬ ವರ್ಣನೆ ಸುರುವಾಯಿತು.

ಅತ್ತಿ ಟ್ಯಾಬ್ಲೆಟ್ಟನ್ನು ಹತ್ತಿರ ಎಳೆದುಕೊಂಡಳು. 'ಸಾಕ್ ಮಾಡ್ರಿ' ಬರುತ್ತದೆ ಎಂದು ನಾನು ಕಾದೆ.

"ಊಟ ಬೇಕು," ಎಂದಿತು ನನ್ನ ದನಿ.

ಮಾವ ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋಗಿ ತಾಟು ತಂದ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಅತ್ತಿಯ ಮುಂದೆ ಇಟ್ಟ. ಅವಳು ತಾಟನ್ನು ಸರಿಸಿ ಮತ್ತೆ ಅದನ್ನೇ ಒತ್ತಿದಳು. ಊಟ ಬೇಕು. ಮಾವ ನನ್ನ ಕಡೆ ತಿರುಗಿ, ಉಂಡಿಲ್ಲೇನು ಇವಳು ಎಂದು ಕೇಳಿದ. ಉಂಡಿದ್ದಾಳೆ ಎಂದೆ. ಪಲ್ಯಕ್ಕೆ ಉಪ್ಪು ಕಡಿಮೆ ಆಯಿತೇನೋ ಎಂದು ಉಪ್ಪು ತಂದಿಟ್ಟ. ಗಾಜು ಮತ್ತೆ ಕೆಟ್ಟಿತು ಎಂದು ನಾನು ಚಿಂತೆ ಹಚ್ಚಿಕೊಂಡೆ. ಅತ್ತಿ ಮೂರನೆಯ ಸಲ ಒತ್ತಿದಳು. ಊಟ ಬೇಕು. ಈ ಸಲ ಬೆರಳನ್ನು ಗಾಜಿನಿಂದ ಎತ್ತಿ, ಮಾವನ ಎದೆಗೆ ಚುಚ್ಚಿದಳು. ಹುಬ್ಬು ಮೇಲೆ ಮಾಡಿ ಅವನ ಮುಖವನ್ನೇ ನೋಡಿದಳು.

ಆಗ ನಮಗೆ ಹೊಳೆಯಿತು. ಅವಳಿಗೆ ಬೇಕಾಗಬಹುದಾದ್ದನ್ನೆಲ್ಲ ಮಾವ ಆ ಚೌಕಗಳಲ್ಲಿ ಇಟ್ಟಿದ್ದ. ಬೇಕು, ಬೇಡ, ಹಚ್ಚಿರಿ, ತೆಗೆಯಿರಿ, ಸಾಕು. ಒಂದೇ ಒಂದು ಪ್ರಶ್ನೆ ಇಟ್ಟಿರಲಿಲ್ಲ. ಅವಳಿಗೂ ಬೇರೆಯವರನ್ನು ಏನಾದರೂ ಕೇಳುವುದಿರುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮಾವ ಅವಳ ಎದುರಿಗೆ ನೆಲಕ್ಕೆ ಕೂತ.

"ಇಲ್ಲ," ಎಂದ. "ಮುಂಜಾನಿಂದ ಉಂಡಿಲ್ಲ."

ಅತ್ತಿ ಎಡಗೈಯಿಂದ ತಾಟನ್ನು ಅವನ ಮುಂದೆ ದೂಡಿದಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಎರಡನೆಯ ರೊಟ್ಟಿ ಮುಗಿಯುತ್ತ ಬಂದಾಗ ಅವಳು ಮತ್ತೊಮ್ಮೆ ಅದೇ ಚೌಕ ಒತ್ತಿ, ಈ ಸಲ ನನ್ನ ಕಡೆ ನೋಡಿದಳು. ನಾನು ಇನ್ನೊಂದು ರೊಟ್ಟಿ ತರಲು ಎದ್ದೆ.